ನಿಂಬರಗಿ ಸಂಪ್ರದಾಯ

ನಿಂಬರಗಿ ಸಂಪ್ರದಾಯವು ಉತ್ತರ ಕರ್ನಾಟಕ ಹಾಗೂ ಅದಕ್ಕೆ ಹೊಂದಿಕೊಂಡ ಮಹಾರಾಷ್ಟ್ರದ ಗಡಿ ಪ್ರದೇಶದಲ್ಲಿ 19ನೆಯ ಶತಮಾನದಲ್ಲಿ ರೂಪುಗೊಂಡ ಒಂದು ಗುರುಪರಂಪರೆ ಮತ್ತು ಸಾಧಕ ಸಮುದಾಯ. ಅದರ ಮುಖ್ಯ ಕೇಂದ್ರವಾದ ಇಂಚಗೇರಿಯ ಹೆಸರಿನಿಂದ ಇದನ್ನು ಇಂಚಗೇರಿ ಸಂಪ್ರದಾಯ ಎಂದೂ ಕರೆಯುತ್ತಾರೆ. ಗುರುವಿನಿಂದ ಪಡೆದ ನಾಮವನ್ನು ಮೌನವಾಗಿ ಸ್ಮರಿಸುತ್ತ ಪ್ರತಿದಿನ ಧ್ಯಾನಕ್ಕೆ ಕುಳಿತುಕೊಳ್ಳುವುದು, ಒಟ್ಟಾಗಿ ಭಜನೆ ಮಾಡುವುದು, ವರ್ಷದ ಗೊತ್ತಾದ ದಿನಗಳಲ್ಲಿ ಸಪ್ತಾಹಕ್ಕೆ ಸೇರುವುದು ಈ ಸಂಪ್ರದಾಯದ ಆಚರಣೆಯ ತಿರುಳಾಗಿದೆ. ಇದರ ಪ್ರಮುಖ ಗುರುಗಳಲ್ಲಿ ಹೆಚ್ಚಿನವರು ಗೃಹಸ್ಥರು. ಅನುಯಾಯಿಗಳೂ ಸಂಸಾರ, ಉದ್ಯೋಗ, ಒಕ್ಕಲುತನಗಳನ್ನು ಬಿಡದೆ ಸಾಧನೆ ಮಾಡುವವರು. ತತ್ತ್ವಶಾಸ್ತ್ರಜ್ಞ ರಾಮಚಂದ್ರ ದತ್ತಾತ್ರೇಯ ರಾನಡೆ (1886–1957) ಈ ಪರಂಪರೆಗೆ ಸೇರಿದವರಲ್ಲಿ ವಿದ್ವತ್ ಲೋಕಕ್ಕೆ ಹೆಚ್ಚು ಪರಿಚಿತರು.

ಪ್ರದೇಶ ಮತ್ತು ಹಿನ್ನೆಲೆ

ಸಂಪ್ರದಾಯದ ಮೂಲಸ್ಥಳಗಳಾದ ನಿಂಬರಗಿ, ಇಂಚಗೇರಿ, ಜಿಗಜೀವಣಿ ಮತ್ತು ನಿಂಬಾಳ ಗ್ರಾಮಗಳು ವಿಜಯಪುರ ಜಿಲ್ಲೆಯ ಉತ್ತರ ಭಾಗದಲ್ಲಿ, ಇಂಡಿಯ ಸೀಮೆಯಲ್ಲಿ ಇವೆ. ಉಮದಿ ಗ್ರಾಮವು ಇಂದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಸೇರಿದ್ದರೂ ಅಲ್ಲಿಯ ಜನಭಾಷೆ ಕನ್ನಡವೇ. ಪರಂಪರೆಯ ಆದಿಸ್ಥಾನವೆಂದು ಭಾವಿಸಲಾಗುವ ಸಿದ್ಧಗಿರಿ ಇವುಗಳಿಂದ ದೂರದಲ್ಲಿ, ಪಶ್ಚಿಮಕ್ಕೆ, ಕೊಲ್ಲಾಪುರದ ಹತ್ತಿರದ ಕಣೇರಿಯಲ್ಲಿದೆ. ಇದು ಕಾಡಸಿದ್ಧೇಶ್ವರ ಪೀಠದ ನೆಲೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ನಿಪ್ಪಾಣಿ, ಕಾಗಲ್ ಮಾರ್ಗವಾಗಿ ಕೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯಿಂದ ಅದು ಹೆಚ್ಚು ದೂರವಿಲ್ಲ.

ಪಶ್ಚಿಮದ ಸಿದ್ಧಗಿರಿಗೂ ಪೂರ್ವದ ಇಂಚಗೇರಿಗೂ ದಕ್ಷಿಣದ ನಾಡಿನಲ್ಲಿ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಬರುತ್ತವೆ. ಇದು ಮಠಗಳ ಸೀಮೆ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿ, ಮೂಡಲಗಿ ತಾಲ್ಲೂಕಿನ ಅರಭಾವಿ, ಗೋಕಾಕ ಸಮೀಪದ ಸಾವಳಗಿ, ಗೋಕಾಕ ಪಟ್ಟಣದ ಶೂನ್ಯ ಸಂಪಾದನ ಮಠ ಮುಂತಾದವು ಇಲ್ಲಿನ ಧಾರ್ಮಿಕ ಬದುಕಿನ ಆಧಾರಗಳಾಗಿವೆ. ಇಂತಹ ಮಠಗಳಲ್ಲಿ ಸಂಸಾರವಿಲ್ಲದ ಸ್ವಾಮಿಗಳು ಪೀಠದಲ್ಲಿರುತ್ತಾರೆ; ಭಕ್ತರು ಅವರ ದರ್ಶನಕ್ಕೆ ಬರುತ್ತಾರೆ. ನಿಂಬರಗಿ ಸಂಪ್ರದಾಯವು ಇದೇ ಶರಣ, ಸಿದ್ಧ ಪರಿಸರದಿಂದ ಹೊರಟಿದ್ದರೂ ಸಾಧನೆಯ ಹೊಣೆಯನ್ನು ಪೀಠದಿಂದ ಮನೆಯ ಪಡಸಾಲೆಗೆ ತಂದಿತು ಎನ್ನಬಹುದು. ಅದರ ಮೇಲೆ ಪಂಢರಪುರದ ವಾರಕರಿ ಪಂಥದ ಮತ್ತು ಸಮರ್ಥ ರಾಮದಾಸರ ಪ್ರಭಾವವೂ ಗಾಢವಾಗಿದೆ. ಕನ್ನಡ ವಚನ ಮತ್ತು ಮರಾಠಿ ಅಭಂಗ ಒಂದೇ ಭಜನೆಯಲ್ಲಿ ಸೇರುವುದು ಇದರಿಂದಲೇ.

ನಿಂಬರಗಿ ಮಹಾರಾಜರು

ಸಂಪ್ರದಾಯದ ಮೊದಲ ಗುರುಗಳೆಂದು ಗಣಿಸಲಾಗುವ ಗುರುಲಿಂಗಜಂಗಮ ಮಹಾರಾಜರು ಸುಮಾರು 1790ರಲ್ಲಿ ಜನಿಸಿದರು. ನಿಂಬರಗಿಯಲ್ಲಿ ನೆಲೆಸಿದ್ದರಿಂದ ಅವರಿಗೆ ನಿಂಬರಗಿ ಮಹಾರಾಜರೆಂಬ ಹೆಸರು ಬಂದಿತು. ಅವರು ಬಟ್ಟೆಗೆ ಬಣ್ಣ ಹಾಕುವ ನೀಲಗಾರ ಕುಲದ ಲಿಂಗಾಯತ ಗೃಹಸ್ಥರು. ಸಿದ್ಧಗಿರಿಯ ಮುನಿಯೊಬ್ಬರಿಂದ ಅವರಿಗೆ ನಾಮೋಪದೇಶವಾಯಿತು. ಸಂಪ್ರದಾಯದಲ್ಲಿ ಹೇಳುವ ಕಥನದಂತೆ, ಉಪದೇಶ ಪಡೆದ ಬಳಿಕ ಅವರು ಕೆಲವು ವರ್ಷ ಸಾಧನೆಯನ್ನು ಅಲಕ್ಷಿಸಿದ್ದರು. ಮತ್ತೆ ಸಿದ್ಧಗಿರಿಗೆ ಹೋದಾಗ ಗುರುಗಳು ನೆನಪಿಸಿ ಎಚ್ಚರಿಸಿದ ಮೇಲೆ ಅದಕ್ಕೆ ತೊಡಗಿದರು. ಕುಲಕಸುಬನ್ನು ಬಿಟ್ಟು ಕುರಿ ಕಾಯುವ ಕೆಲಸ ಹಿಡಿದರೆಂದೂ, ಅಡವಿಯ ಏಕಾಂತದಲ್ಲಿ ಧ್ಯಾನಕ್ಕೆ ಬಿಡುವು ಸಿಗುವುದೇ ಅದಕ್ಕೆ ಕಾರಣವೆಂದೂ ಹೇಳುತ್ತಾರೆ. ಮೊದಲ ಗುರುವೇ ಉಪದೇಶವನ್ನು ಮರೆತಿದ್ದನು ಎಂಬ ಸಂಗತಿಯನ್ನು ಸಂಪ್ರದಾಯವು ಮುಚ್ಚಿಟ್ಟಿಲ್ಲ ಎಂಬುದು ಗಮನಾರ್ಹ. ನಾಮ ಪಡೆಯುವುದಷ್ಟೇ ಸಾಲದು, ದಿನವೂ ಕುಳಿತುಕೊಳ್ಳಬೇಕು ಎಂಬ ಬೋಧೆಗೆ ಈ ಕಥನವೇ ನಿದರ್ಶನವಾಗಿದೆ.

ಮಹಾರಾಜರು ಗ್ರಂಥ ರಚಿಸಲಿಲ್ಲ. ಆಡುಗನ್ನಡದಲ್ಲಿ ಅವರು ಹೇಳುತ್ತಿದ್ದ ಮಾತುಗಳನ್ನು ಶಿಷ್ಯರು ಸಂಗ್ರಹಿಸಿದರು. ಪ್ರಾಮಾಣಿಕ ದುಡಿಮೆ, ಪರಸ್ತ್ರೀ ಪರಧನಗಳ ವರ್ಜನೆ, ಸಂಸಾರದಲ್ಲಿದ್ದೇ ದೇವರ ನೆನಹು ಇವುಗಳ ಸುತ್ತ ಅವರ ಉಪದೇಶ ಸುತ್ತುತ್ತದೆ. ಅವರ ಶಿಷ್ಯರಲ್ಲಿ ರಘುನಾಥಪ್ರಿಯ ಸಾಧುಗಳೆಂಬವರು ಒಬ್ಬರು. ಮುಂದಿನ ಕೊಂಡಿ ಬೆಸೆದದ್ದು ಅವರಿಂದಲೇ.

ಭಾವುಸಾಹೇಬ ಮಹಾರಾಜರು ಮತ್ತು ಇಂಚಗೇರಿ

ಉಮದಿಯ ದೇಶಸ್ಥ ಬ್ರಾಹ್ಮಣ ಮನೆತನದ ಭಾವುಸಾಹೇಬ ಮಹಾರಾಜರು (1843–1914) ಹದಿನಾಲ್ಕರ ವಯಸ್ಸಿನಲ್ಲಿ ರಘುನಾಥಪ್ರಿಯ ಸಾಧುಗಳ ಮೂಲಕ ನಿಂಬರಗಿ ಮಹಾರಾಜರ ಬಳಿಗೆ ಬಂದು ನಾಮ ಪಡೆದರು. ಬ್ರಾಹ್ಮಣ ಕುಲದ ಬಾಲಕನು ಲಿಂಗಾಯತ ನೀಲಗಾರರನ್ನು ಗುರುವಾಗಿ ಸ್ವೀಕರಿಸಿದ್ದು ಅಂದಿನ ಹಳ್ಳಿಯ ಸಮಾಜದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಭಾವುಸಾಹೇಬರ ಸಾಧನೆಯ ಕಾಠಿಣ್ಯದ ಬಗ್ಗೆ ಹಲವು ನೆನಪುಗಳು ಉಳಿದಿವೆ. ರಾತ್ರಿಯ ಹೊತ್ತು ತಾಸುಗಟ್ಟಲೆ ನಿಂತೇ ಧ್ಯಾನಿಸುತ್ತಿದ್ದರು, ನಿದ್ದೆ ಬಂದರೆ ಎಚ್ಚರವಾಗುವಂತೆ ತಲೆಗೂದಲನ್ನು ಕಟ್ಟಿಕೊಳ್ಳುತ್ತಿದ್ದರು ಎಂಬುದು ಅವುಗಳಲ್ಲಿ ಹೆಚ್ಚು ಪ್ರಚಲಿತ.

1885ರಲ್ಲಿ ಅವರು ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿದರು. ಚದುರಿಹೋಗಿದ್ದ ಸಾಧಕರ ಗುಂಪು ಒಂದು ಸಮುದಾಯವಾಗಿ ರೂಪುಗೊಂಡದ್ದು ಇಲ್ಲಿಂದ. ದಿನಚರಿ, ಭಜನೆಯ ಕ್ರಮ, ಸಪ್ತಾಹಗಳ ಪದ್ಧತಿ ಇವೆಲ್ಲ ಭಾವುಸಾಹೇಬರ ಕಾಲದಲ್ಲಿಯೇ ನೆಲೆಗೊಂಡವು. ಆದ್ದರಿಂದ ಕೆಲವರು ಸಂಪ್ರದಾಯದ ಸಂಸ್ಥಾಪಕರೆಂದು ಅವರನ್ನೇ ಹೇಳುವುದುಂಟು. ಜಿಗಜೀವಣಿಯ ಅಂಬುರಾವ ಮಹಾರಾಜರು (1857–1933), ಗಿರಿಮಲ್ಲೇಶ್ವರ ಮಹಾರಾಜರು, ಸೋಲಾಪುರ ಜಿಲ್ಲೆಯ ಪಾಥರಿಯ ಸಿದ್ಧರಾಮೇಶ್ವರ ಮಹಾರಾಜರು (1888–1936) ಮತ್ತು ರಾನಡೆಯವರು ಅವರ ಶಿಷ್ಯರಲ್ಲಿ ಮುಖ್ಯರು. ಇವರಿಂದ ಪರಂಪರೆ ಹಲವು ಕವಲುಗಳಾಗಿ ಹರಡಿತು.

ನೇಮ

ಸಂಪ್ರದಾಯದವರು ದೈನಂದಿನ ಧ್ಯಾನವನ್ನು ನೇಮ ಎನ್ನುತ್ತಾರೆ. ಧ್ಯಾನಕ್ಕೆ ಕುಳಿತುಕೊಳ್ಳುವುದಕ್ಕೆ 'ನೇಮಕ್ಕೆ ಕೂಡುವುದು' ಎಂಬುದು ಬಳಕೆಯ ಮಾತು. ದೀಕ್ಷೆಯ ಸಮಯದಲ್ಲಿ ಗುರುವು ಶಿಷ್ಯನಿಗೆ ಒಂದು ನಾಮವನ್ನು ಕೊಡುತ್ತಾನೆ. ಅದನ್ನು ಬೇರೆಯವರಿಗೆ ಹೇಳುವಂತಿಲ್ಲ. ಉಪದೇಶಕ್ಕೆ ಹಣ ಪಡೆಯುವುದಿಲ್ಲ. ಶಿಷ್ಯನು ಆಸನದಲ್ಲಿ ಸ್ಥಿರವಾಗಿ ಕುಳಿತು, ದೃಷ್ಟಿಯನ್ನು ನಿಲ್ಲಿಸಿ, ಉಸಿರಿನೊಡನೆ ನಾಮವನ್ನು ಮನಸ್ಸಿನಲ್ಲಿಯೇ ಸ್ಮರಿಸಬೇಕು. ತುಟಿ ಅಲುಗುವುದಿಲ್ಲ, ಜಪಮಾಲೆ ಅನಿವಾರ್ಯವಲ್ಲ. ಮೂರ್ತಿ, ಪೂಜಾ ಸಾಮಗ್ರಿ, ಪುರೋಹಿತ ಯಾವುದೂ ಈ ಸಾಧನೆಗೆ ಬೇಕಿಲ್ಲ. ಹೊಲದ ಬದುವಿನಲ್ಲಿ ಕುಳಿತು ನೇಮ ಮಾಡಿದರೂ ನಡೆಯುತ್ತದೆ.

ದಿನಕ್ಕೆ ಮೂರು ಹೊತ್ತು ನೇಮ ಮಾಡುವುದು ಆದರ್ಶ. ಬೆಳಗಿನ ಜಾವ, ಮಧ್ಯಾಹ್ನ ಮತ್ತು ರಾತ್ರಿ ಇದಕ್ಕೆ ಮೀಸಲು. ದುಡಿಯುವವರಿಗೆ ಮಧ್ಯಾಹ್ನದ ಹೊತ್ತು ಒದಗುವುದು ಕಷ್ಟ. ಆದ್ದರಿಂದ ಬೆಳಗಿನ ಜಾವ ಮತ್ತು ರಾತ್ರಿ ಮಲಗುವ ಮುನ್ನಿನ ನೇಮಕ್ಕೆ ಹೆಚ್ಚು ಮಹತ್ತ್ವ. ಧ್ಯಾನದಲ್ಲಿ ಬೆಳಕು, ಬಣ್ಣ, ನಾದ, ರೂಪಗಳು ಗೋಚರಿಸುವುದನ್ನು ಸಂಪ್ರದಾಯವು ಅನುಭವಗಳೆಂದು ಒಪ್ಪುತ್ತದೆ. ಅನುಭವವನ್ನು ಗುರುವಿಗೆ ಅಥವಾ ಹಿರಿಯ ಸಾಧಕರಿಗೆ ಅರಿಕೆ ಮಾಡಿಕೊಳ್ಳಬಹುದು. ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ತರವಲ್ಲ. ಅನುಭವವಾಗಲಿ ಆಗದಿರಲಿ, ನೇಮ ತಪ್ಪಬಾರದೆಂಬುದೇ ಕಟ್ಟುಪಾಡು.

ಸಮುದಾಯದ ಗಟ್ಟಿತನ ನಿಂತಿರುವುದು ಈ ಕಟ್ಟುಪಾಡಿನ ಮೇಲೆ. ನೇಮವನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಒಬ್ಬನು ನಸುಕಿನಲ್ಲಿ ಎದ್ದನೋ ಇಲ್ಲವೋ ಎಂಬುದು ಅವನಿಗೂ ಅವನ ಮನೆಯವರಿಗೂ ಮಾತ್ರ ಗೊತ್ತು. ಸದಸ್ಯತ್ವದ ಪಟ್ಟಿ, ವರ್ಗಣಿ, ವೇಷ ಇಲ್ಲದ ಗುಂಪಿನಲ್ಲಿ ಒಬ್ಬನು ಅನುಯಾಯಿಯಾಗಿ ಉಳಿದಿದ್ದಾನೆ ಎಂಬುದಕ್ಕೆ ಬೇರೆ ಗುರುತೂ ಇಲ್ಲ.

ಭಜನೆ ಮತ್ತು ಪೋಥಿ

ಮೌನದ ನೇಮಕ್ಕೆ ಜೊತೆಯಾಗಿ ದನಿಯ ಸಾಧನೆಯೂ ಇದೆ. ಬೆಳಗಿನ ಕಾಕಡಾರತಿ, ಮಧ್ಯಾಹ್ನದ ಮತ್ತು ರಾತ್ರಿಯ ಭಜನೆಗಳಿಗೆ ಗೊತ್ತಾದ ಪದಗಳಿವೆ. ಇವುಗಳನ್ನು ನಿತ್ಯನೇಮಾವಳಿ ಎಂಬ ಹೊತ್ತಗೆಯಲ್ಲಿ ಸಂಗ್ರಹಿಸಲಾಗಿದೆ. ಮರಾಠಿ ಸಂತರ ಅಭಂಗಗಳು ಮತ್ತು ಆರತಿಗಳೊಡನೆ ಕನ್ನಡದ ಶರಣರ, ದಾಸರ, ಅನುಭಾವಿಗಳ ಪದಗಳನ್ನೂ ಹಾಡುತ್ತಾರೆ. ಕನ್ನಡ ಮಾತ್ರ ಬಲ್ಲ ಒಕ್ಕಲಿಗನು ಮರಾಠಿ ಅಭಂಗವನ್ನು ಬಾಯಿಪಾಠದಿಂದ ಹಾಡುವುದು, ಮರಾಠಿಗರು ಕನ್ನಡ ಪದಕ್ಕೆ ತಾಳ ಹಾಕುವುದು ಈ ಭಜನೆಗಳಲ್ಲಿ ಸಹಜ. ರಾಜ್ಯಗಳ ಗಡಿ ವಿವಾದ ಬಿಸಿಯಾಗಿದ್ದ ದಶಕಗಳಲ್ಲಿಯೂ ಈ ಪದ್ಧತಿ ಬದಲಾಗಲಿಲ್ಲ.

ಗ್ರಂಥ ವಾಚನಕ್ಕೆ ಪೋಥಿ ಓದುವುದು ಎನ್ನುತ್ತಾರೆ. ಸಮರ್ಥ ರಾಮದಾಸರ ದಾಸಬೋಧಕ್ಕೆ ಇಲ್ಲಿ ಅಗ್ರಸ್ಥಾನ. ಜ್ಞಾನೇಶ್ವರಿ ಮತ್ತು ಏಕನಾಥರ ಭಾಗವತವೂ ಬಳಕೆಯಲ್ಲಿವೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಅರ್ಥ ಹೇಳುವವರು ಸಂಸ್ಕೃತ ಪಂಡಿತರೇ ಆಗಿರಬೇಕೆಂದಿಲ್ಲ. ನೇಮದಲ್ಲಿ ಪಳಗಿದ ಶಾಲಾ ಶಿಕ್ಷಕರೋ ವ್ಯಾಪಾರಿಗಳೋ ಆಗಿರಬಹುದು.

ಸಪ್ತಾಹ

ಗುರುಗಳ ಪುಣ್ಯತಿಥಿಯ ಸಂದರ್ಭದಲ್ಲಿ ಏಳು ದಿನಗಳ ಕಾಲ ನಡೆಯುವ ಕೂಟವೇ ಸಪ್ತಾಹ. ಇಂಚಗೇರಿ, ನಿಂಬರಗಿ, ಉಮದಿ, ಜಿಗಜೀವಣಿ, ನಿಂಬಾಳಗಳಲ್ಲಿ ನಡೆಯುವ ಸಪ್ತಾಹಗಳಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೋಲಾಪುರ, ಸಾಂಗ್ಲಿ ಮೊದಲಾದ ಜಿಲ್ಲೆಗಳಿಂದ ಸಾಧಕರು ಬರುತ್ತಾರೆ. ನಸುಕಿನ ಕಾಕಡಾರತಿಯಿಂದ ದಿನ ಆರಂಭವಾಗುತ್ತದೆ. ಸಾಮೂಹಿಕ ನೇಮ, ಪೋಥಿ, ಭಜನೆ, ನಿರೂಪಣೆ ಒಂದರ ಹಿಂದೆ ಒಂದು ನಡೆಯುತ್ತವೆ. ನೂರಾರು ಜನ ಒಂದೇ ಸಭಾಂಗಣದಲ್ಲಿ ತುಟಿ ಬಿಚ್ಚದೆ ಕುಳಿತಿರುವ ಸಾಮೂಹಿಕ ನೇಮವೇ ಸಪ್ತಾಹದ ನಿಜವಾದ ಕೇಂದ್ರ. ಕೊನೆಯ ದಿನ ಗುರುಗಳ ದೇಹಾವಸಾನದ ಹೊತ್ತಿಗೆ ಪುಷ್ಪವೃಷ್ಟಿಯಾಗಿ ಮಹಾಪ್ರಸಾದ ನಡೆಯುತ್ತದೆ.

ಅಡುಗೆ, ನೀರು, ಕಸಗುಡಿಸುವಿಕೆ ಎಲ್ಲವನ್ನೂ ಸಾಧಕರೇ ಸೇವೆಯಾಗಿ ಹಂಚಿಕೊಳ್ಳುತ್ತಾರೆ. ಜೋಳ, ಬೇಳೆ, ಬೆಲ್ಲ, ಕಟ್ಟಿಗೆಗಳನ್ನು ಊರವರು ತಂದುಕೊಡುವುದುಂಟು. ವರ್ಷವಿಡೀ ಬೇರೆ ಬೇರೆ ಊರುಗಳಲ್ಲಿ ಒಂಟಿಯಾಗಿ ನೇಮಕ್ಕೆ ಕೂಡುವವರು ಪರಸ್ಪರ ಭೇಟಿಯಾಗುವುದು, ಹೊಸಬರು ಹಿರಿಯರೊಡನೆ ಸಂದೇಹಗಳನ್ನು ಬಗೆಹರಿಸಿಕೊಳ್ಳುವುದು ಇಲ್ಲಿಯೇ. ಸಂಪ್ರದಾಯದವರು ಒಬ್ಬರನ್ನೊಬ್ಬರು ಗುರುಬಂಧು ಎಂದು ಕರೆಯುತ್ತಾರೆ.

ರಾನಡೆ ಮತ್ತು ನಿಂಬಾಳ

1886ರ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದ ರಾನಡೆಯವರು 1901ರಲ್ಲಿ, ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ, ಭಾವುಸಾಹೇಬ ಮಹಾರಾಜರಿಂದ ನಾಮ ಪಡೆದರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಗಂಭೀರ ಕಾಯಿಲೆಗಳಿಗೆ ತುತ್ತಾದ ವರ್ಷಗಳಲ್ಲಿ ಅವರ ಸಾಧನೆ ತೀವ್ರವಾಯಿತು. ಸೋಲಾಪುರ–ವಿಜಯಪುರ ರೈಲು ಮಾರ್ಗದಲ್ಲಿರುವ ನಿಂಬಾಳದ ನಿಲ್ದಾಣದ ಹತ್ತಿರ, ಊರಿನಿಂದ ದೂರವಾದ ಬಯಲಿನಲ್ಲಿ ಅವರು ಮನೆ ಕಟ್ಟಿಕೊಂಡರು. 1920ರ ದಶಕದ ಕೊನೆಯಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗಕ್ಕೆ ಸೇರಿದ ಮೇಲೆಯೂ ರಜೆಗಳಲ್ಲಿ ನಿಂಬಾಳಕ್ಕೆ ಬರುತ್ತಿದ್ದರು. ಕೆಲಕಾಲ ಆ ವಿಶ್ವವಿದ್ಯಾಲಯದ ಉಪಕುಲಪತಿಯೂ ಆಗಿದ್ದ ಅವರು ನಿವೃತ್ತಿಯ ನಂತರ ನಿಂಬಾಳದಲ್ಲಿಯೇ ನೆಲೆಸಿದರು. 1957ರ ಜೂನ್ 6ರಂದು ಅಲ್ಲಿಯೇ ತೀರಿಕೊಂಡರು.

ಉಪನಿಷತ್ತುಗಳ ತತ್ತ್ವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿಯೂ ಮಹಾರಾಷ್ಟ್ರದ ಅನುಭಾವವನ್ನು ಕುರಿತದ್ದು 1933ರಲ್ಲಿಯೂ ಪ್ರಕಟವಾದವು. ಕನ್ನಡ ಸಾಹಿತ್ಯದಲ್ಲಿ ದೇವರೆಡೆಗಿನ ಹಾದಿಯನ್ನು ಕುರಿತ ಗ್ರಂಥ ಅವರ ಮರಣಾನಂತರ, 1960ರಲ್ಲಿ, ಬೆಳಕು ಕಂಡಿತು. ಬಸವಣ್ಣ, ಅಲ್ಲಮ, ಪುರಂದರದಾಸರ ಸಾಲಿನಲ್ಲಿ ಹಳ್ಳಿಯ ತತ್ತ್ವಪದಕಾರರನ್ನೂ ಇಟ್ಟು ನೋಡಿದ್ದು ಈ ಗ್ರಂಥದ ವೈಶಿಷ್ಟ್ಯ. ಕುರಿ ಕಾಯುತ್ತಿದ್ದ ನಿಂಬರಗಿ ಮಹಾರಾಜರಿಂದ ಬಂದ ಸಾಧನೆಯೇ ರಾನಡೆಯವರಿಗೆ ಜಗತ್ತಿನ ಅನುಭಾವಿಗಳನ್ನೆಲ್ಲ ಓದುವ ಕೀಲಿಕೈಯಾಯಿತು.

ಅವರು 1952ರಲ್ಲಿ ಸ್ಥಾಪಿಸಿದ ತೌಲನಿಕ ತತ್ತ್ವಜ್ಞಾನ ಮತ್ತು ಧರ್ಮದ ಅಕಾಡೆಮಿ ಬೆಳಗಾವಿಯ ಹಿಂದವಾಡಿಯ ಗುರುದೇವ ರಾನಡೆ ಮಂದಿರದಲ್ಲಿದೆ. ಗೋಕಾಕ, ಹುಕ್ಕೇರಿ ಭಾಗದವರಿಗೆ ಈ ಪರಂಪರೆಯ ಗ್ರಂಥಗಳು ಮತ್ತು ಉಪನ್ಯಾಸಗಳು ದೊರೆಯುವ ಸಮೀಪದ ಸ್ಥಳ ಇದು.

ಧ್ಯಾನವನ್ನು ಕುರಿತ ಭಿನ್ನಮತ

ಭಾವುಸಾಹೇಬರು ತೀರಿಕೊಂಡ ಬಳಿಕ ಶಿಷ್ಯರಲ್ಲಿ ಮೂಲಭೂತವಾದ ಪ್ರಶ್ನೆಯೊಂದು ಎದ್ದಿತು. ದೀರ್ಘಕಾಲದ ನಾಮಧ್ಯಾನವೇ ಗುರಿಯವರೆಗೆ ಒಯ್ಯುತ್ತದೆಯೇ ಅಥವಾ ಅದು ಮೊದಲ ಮೆಟ್ಟಿಲು ಮಾತ್ರವೇ? ವಿಜಯಪುರದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ ಸಿದ್ಧರಾಮೇಶ್ವರ ಮಹಾರಾಜರು 1920ರ ಸುಮಾರಿಗೆ ಧ್ಯಾನವನ್ನು ದಾಟಿ ವಿವೇಕ ವೈರಾಗ್ಯಗಳಿಂದ ನೇರವಾಗಿ ಸ್ವರೂಪವನ್ನು ಅರಿಯಬಹುದೆಂಬ ನಿಲುವಿಗೆ ಬಂದರು. ಗುರುಬಂಧುಗಳು ಇದನ್ನು ವಿರೋಧಿಸಿದರು. ಗುರುಗಳು ಕಲಿಸಿದ್ದನ್ನು ಮೀರಬಾರದೆಂಬುದು ಅವರ ವಾದವಾಗಿತ್ತು. ಸಿದ್ಧರಾಮೇಶ್ವರರು ಹಿಂದೆ ಸರಿಯಲಿಲ್ಲ. ನಿಧಾನವಾದ ಧ್ಯಾನಕ್ರಮಕ್ಕೆ ಪಿಪೀಲಿಕಾ ಮಾರ್ಗ ಎಂದೂ, ತಮ್ಮ ಕ್ರಮಕ್ಕೆ ವಿಹಂಗಮ ಮಾರ್ಗ ಎಂದೂ ಹೆಸರು ಬಂದಿತು. ಮರದ ಹಣ್ಣನ್ನು ತಲಪಲು ಇರುವೆ ಬೊಡ್ಡೆಯಿಂದ ತೆವಳುತ್ತ ಏರುತ್ತದೆ, ಹಕ್ಕಿ ಹಾರಿ ಹೋಗಿ ಕೂಡುತ್ತದೆ ಎಂಬ ಹಳೆಯ ಉಪಮೆ ಇದರ ಹಿಂದಿದೆ.

ಈ ಕವಲಿನ ಶಿಷ್ಯರಾದ ಮುಂಬೈಯ ಬೀಡಿ ವ್ಯಾಪಾರಿ ನಿಸರ್ಗದತ್ತ ಮಹಾರಾಜರ (1897–1981) ಸಂಭಾಷಣೆಗಳನ್ನು ಮಾರಿಸ್ ಫ್ರೀಡ್‌ಮನ್ ಇಂಗ್ಲಿಷಿಗೆ ತಂದು 'ಐ ಆಮ್ ದ್ಯಾಟ್' ಎಂಬ ಹೆಸರಿನಲ್ಲಿ 1973ರಲ್ಲಿ ಪ್ರಕಟಿಸಿದರು. ಪೋಲೆಂಡಿನವರಾದ ಫ್ರೀಡ್‌ಮನ್ 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯ ಮುಖ್ಯಸ್ಥರಾಗಿದ್ದವರು. ಈ ಪುಸ್ತಕದಿಂದ ಪರಂಪರೆಯ ಹೆಸರು ಯುರೋಪ್, ಅಮೆರಿಕಗಳವರೆಗೆ ಹೋಯಿತು. ಆದರೆ ಹೊರದೇಶಗಳ ಓದುಗರಿಗೆ ಪರಿಚಯವಾದದ್ದು ಸಂಭಾಷಣೆಯ ಜ್ಞಾನಮಾರ್ಗವೇ ಹೊರತು ನಸುಕಿನ ನೇಮ, ಕಾಕಡಾರತಿ, ಸಪ್ತಾಹಗಳ ಕನ್ನಡ ಸಮುದಾಯವಲ್ಲ. ಇಂಡಿ, ಜತ್ತ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಹೆಚ್ಚಿನವರು ಇರುವೆಯ ಹಾದಿಯವರೇ.

ಜಾತಿ ಮತ್ತು ಸಮಾಜ

ಗುರುವಿನ ಜಾತಿ ಕೇಳದ ಪದ್ಧತಿ ಸಂಪ್ರದಾಯದ ಆರಂಭದಿಂದಲೂ ಇದೆ. ಆದರೂ ಧ್ಯಾನದ ಸಮಾನತೆ ಪಂಕ್ತಿಯಲ್ಲಿ, ವಿವಾಹದಲ್ಲಿ ತಾನಾಗಿ ಬರಲಿಲ್ಲ. ಒಂದೇ ಸಭಾಂಗಣದಲ್ಲಿ ನೇಮಕ್ಕೆ ಕೂಡುವವರು ಮನೆಗೆ ಹೋದ ಮೇಲೆ ತಮ್ಮ ತಮ್ಮ ಕುಲಾಚಾರ ಪಾಲಿಸುವುದು ಬಹುಕಾಲ ನಡೆದಿತ್ತು. ಇಂಚಗೇರಿ ಮಠದಲ್ಲಿ ಗಿರಿಮಲ್ಲೇಶ್ವರ ಮಹಾರಾಜರ ನಂತರ ಬಂದ ಮಾಧವಾನಂದ ಪ್ರಭುಗಳು ಈ ತೊಡಕನ್ನು ನೇರವಾಗಿ ಎದುರಿಸಿದರು. ಮಹಾದೇವಪ್ಪ ಮುರಗೋಡ ಎಂಬುದು ಅವರ ಮೊದಲಿನ ಹೆಸರು. ಸ್ವಾತಂತ್ರ್ಯ ಹೋರಾಟದಲ್ಲಿ ಶಿಷ್ಯರೊಡನೆ ಧುಮುಕಿದ್ದ ಅವರು ಸ್ವಾತಂತ್ರ್ಯಾನಂತರ ಅಂತರ್ಜಾತಿ ವಿವಾಹಗಳನ್ನು ಮಠದ ಕಾರ್ಯವನ್ನಾಗಿ ಕೈಗೊಂಡರು. ಮೌನ ಸಾಧನೆಯ ಪರಂಪರೆಯೊಂದು ಚಳವಳಿಯ ರೂಪ ತಾಳಿದ್ದು ಕೆಲವು ಸಾಧಕರಿಗೆ ಒಗ್ಗದಿದ್ದರೆ ಆಶ್ಚರ್ಯವಿಲ್ಲ. ಆದರೆ ನಿಂಬರಗಿ ಮತ್ತು ಉಮದಿಯ ಗುರುಗಳ ನಡುವಿನ ಸಂಬಂಧದಲ್ಲಿಯೇ ಇದರ ಬೀಜ ಇತ್ತು.

ಕ್ವೇಕರ್ ಸಭೆಯೊಂದಿಗೆ ಹೋಲಿಕೆ

ಗೃಹಸ್ಥರು ಪುರೋಹಿತರಿಲ್ಲದೆ ಮೌನವಾಗಿ ಕೂಡಿ ಕುಳಿತುಕೊಳ್ಳುವ ಪದ್ಧತಿ ಕ್ರೈಸ್ತ ಜಗತ್ತಿನ ಕ್ವೇಕರರಲ್ಲಿಯೂ ಇದೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (1624–1691) ಅವರಿಂದ ಆರಂಭವಾದ ಈ ಪಂಥದವರು ತಮ್ಮನ್ನು ಮಿತ್ರರ ಸಂಘ ಎಂದು ಕರೆದುಕೊಳ್ಳುತ್ತಾರೆ. ಫಾಕ್ಸ್ ಎಳೆಯ ವಯಸ್ಸಿನಲ್ಲಿ ಚಮ್ಮಾರರೊಬ್ಬರ ಬಳಿ ಕೆಲಸ ಕಲಿಯುತ್ತಿದ್ದವರು. ಅವರ ಸಾಂಪ್ರದಾಯಿಕ ಸಭೆಯಲ್ಲಿ ಪಾದ್ರಿ, ಪೀಠ, ಸಂಸ್ಕಾರವಿಧಿಗಳಿಲ್ಲ. ಎಲ್ಲರೂ ಸುಮಾರು ಒಂದು ತಾಸು ಸುಮ್ಮನೆ ಕುಳಿತಿರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ನಿಂತು ನಾಲ್ಕು ಮಾತು ಆಡಿ ಕುಳಿತುಕೊಳ್ಳುತ್ತಾರೆ. ಅದಕ್ಕೆ ಯಾರೂ ಪ್ರತಿವಾದ ಮಾಡುವುದಿಲ್ಲ. ಕೊನೆಗೆ ಕೈ ಕುಲುಕುವುದರಿಂದ ಸಭೆ ಮುಗಿಯುತ್ತದೆ. ಆಡಳಿತದ ವಿಷಯಗಳನ್ನೂ ಮತಕ್ಕೆ ಹಾಕದೆ, ಸಭೆಯ ಒಮ್ಮನವನ್ನು ಗುಮಾಸ್ತರು ಬರೆದುಕೊಳ್ಳುವ ಮೂಲಕ ತೀರ್ಮಾನಿಸುತ್ತಾರೆ. ಭಾರತದಲ್ಲಿ ಅವರ ಕಾರ್ಯ 1866ರಲ್ಲಿ ಆರಂಭವಾಗಿ ಮಧ್ಯಪ್ರದೇಶದ ಹೋಶಂಗಾಬಾದ್ ಸುತ್ತಮುತ್ತ ನೆಲೆಗೊಂಡಿತು.

ಸಾಮ್ಯಕ್ಕಿಂತ ಭೇದಗಳು ಹೆಚ್ಚು ತಿಳಿವಳಿಕೆ ಕೊಡುತ್ತವೆ. ಕ್ವೇಕರರ ಮೌನ ಕಾಯುವ ಮೌನ. ಅದರಲ್ಲಿ ಸ್ಮರಿಸಬೇಕಾದ ಮಂತ್ರವಿಲ್ಲ. ನಿಂಬರಗಿಯ ಮೌನ ನಾಮದಿಂದ ತುಂಬಿದ್ದು. ಕ್ವೇಕರರಲ್ಲಿ ಸಭೆಯೇ ಮೂಲ ಘಟಕ, ಮಾತು ಮೌನದ ನಡುವೆಯೇ ಹುಟ್ಟುತ್ತದೆ. ನಿಂಬರಗಿಯವರಲ್ಲಿ ಒಂಟಿ ಸಾಧಕನ ನೇಮವೇ ಮೂಲ, ಮಾತು ಮತ್ತು ಹಾಡಿಗೆ ಭಜನೆ, ಪೋಥಿಗಳ ಬೇರೆ ಹೊತ್ತುಗಳಿವೆ. ಕ್ವೇಕರರು ಯಾವ ಗುರುವನ್ನೂ ಒಪ್ಪುವುದಿಲ್ಲ. ನಿಂಬರಗಿ ಸಂಪ್ರದಾಯಕ್ಕೆ ಪುರೋಹಿತ ಬೇಡವಾದರೂ ಗುರು ಬೇಕೇ ಬೇಕು. ಹಿರಿಯ ಗುರುವು ತೀರಿಕೊಂಡಾಗಲೆಲ್ಲ ನಾಮ ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಎದ್ದು ಹೊಸ ಕವಲುಗಳು ಒಡೆದದ್ದು ಈ ಕಾರಣದಿಂದಲೇ. ಕವಲುಗಳು ಪರಸ್ಪರರ ಸಪ್ತಾಹಗಳಿಗೆ ಹೋಗಿಬರುವುದಕ್ಕೆ ಅಡ್ಡಿಯಿಲ್ಲ. ಪಡೆದ ನಾಮವನ್ನು ಮಾತ್ರ ಬದಲಾಯಿಸುವುದಿಲ್ಲ.